ಐವತ್ತಾಗದ ಚೆಲುವಿ ಮತ್ತು ನಾನು

ನಾನು ಮಂಡ್ಯದ ಒಂದು ಬೆಲ್ಲದ ಮಂಡಿಯ ತಕ್ಕಡಿ. ಕಮ್ಮಾರನೊಬ್ಬ ನನ್ನ ದಂಡವನ್ನು ಕಾಯಿಸಿ ಬಡಿದು, ಎರಡು ಕಡೆ ಸರಪಳಿ ಬಿಟ್ಟು, ಆಳು ಕೂರುವಷ್ಟು ಅಗಲದ ಮರದ ತಟ್ಟೆಗಳನ್ನು ಕಟ್ಟಿದ. ಮೊದಲು ಹತ್ತಿ ತೂಗಿದೆ, ಆಮೇಲೆ ಹುಣಸೆಹಣ್ಣು. ಕೊನೆಗೆ ಈ ಮಂಡಿಯ ಒಡತಿ ಸಣ್ಣತಾಯಮ್ಮನ ಕೈಗೆ ಬಂದೆ. ತಟ್ಟೆಗೆ ಬೆರಳು ಒತ್ತಿ ತೂಕ ಹೆಚ್ಚಿಸುವವರನ್ನು ಆಕೆ ಬೀದಿಯಲ್ಲೇ ನಿಲ್ಲಿಸಿ ಬೈಯುತ್ತಿದ್ದರು.

ಅವರ ಮೊಮ್ಮಗಳು ಚೆಲುವಿ ಆರು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಏಳುನೂರು ಗ್ರಾಂ. ಮಗು ಇನ್ನೂ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾಗ ಸಣ್ಣತಾಯಮ್ಮ ನನ್ನ ಸರಪಳಿ ಹಿಡಿದು ಮನೆದೇವರಿಗೆ ಹರಕೆ ಹೊತ್ತರು: "ಮಗಾ ಬದುಕ್ಲಪ್ಪಾ, ಅದ್ರ ತೂಕದ ಬೆಲ್ಲ ಕೊಡ್ತೀನಿ."

ಮಗು ಬದುಕಿತು, ಎರಡು ಕೆಜಿಯಾಗಿ ಮನೆಗೆ ಬಂತು. ತೊಡಕು ಶುರುವಾದದ್ದು ಆಮೇಲೆ. ಮಂಡಿಯವರು ಎರಡು ಕೆಜಿ ಬೆಲ್ಲ ಹಿಡಿದು ದೇವಸ್ಥಾನಕ್ಕೆ ಹೋಗುವುದುಂಟೇ? "ವಸಿ ಮೈ ತುಂಬ್ಲಿ" ಎಂದರು ಅಜ್ಜಿ. ಐವತ್ತು ಕೆಜಿಯಾದರೆ ಮರ್ಯಾದೆ ಎಂದು ತೀರ್ಮಾನವಾಯಿತು.

ಚೆಲುವಿಗೆ ಮೈ ತುಂಬುವ ಕೆಲಸವೇ ಒಗ್ಗಲಿಲ್ಲ. ಎರಡು ವರ್ಷಕ್ಕೆ ನಡೆದಳು. ಐದಕ್ಕೆ ದಪ್ಪ ಕನ್ನಡಕ ಬಂತು. ಬೆಲ್ಲದ ಗೋಣಿ ಕೊಡವಿದರೆ ಸಾಕು, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಯುಗಾದಿಗೂ ಅಜ್ಜಿ ಅವಳಿಗೆ ನಾಲ್ಕು ಹೋಳಿಗೆ ತಿನ್ನಿಸಿ ನನ್ನ ಮೇಲೆ ಕೂರಿಸುತ್ತಿದ್ದರು. "ಈ ಸಲ ಮೂವತ್ತು ದಾಟ್ತದೆ ಕಣ್ಲಾ" ಎಂದು ಹಮಾಲರು ಸುತ್ತ ನಿಲ್ಲುತ್ತಿದ್ದರು. ಅವಳು ತಲೆ ಎತ್ತುತ್ತಿರಲಿಲ್ಲ. ಅಂಥ ಒಂದು ಯುಗಾದಿಯಂದು ನನ್ನ ತಟ್ಟೆಯ ಅಂಚಿಗೆ ಹೆಬ್ಬೆರಳೊಂದು ತಾಕಿತು. ಸಣ್ಣತಾಯಮ್ಮನದೇ! ನಾಚಿಕೆಯಿಂದಲೇ ಒಂದು ಕೆಜಿ ಹೆಚ್ಚು ತೂಗಿದೆ. ಆಮೇಲೆ ಪ್ರತಿ ಯುಗಾದಿಗೂ ಅದೇ ಆಯಿತು.

ಇಪ್ಪತ್ತನಾಲ್ಕಕ್ಕೆ ಚೆಲುವಿಗೆ ಮೈಸೂರಿನ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಸೋಮವಾರವೇ ಸೇರಬೇಕು.

"ಹರಕೆ ತೀರ್ದೆ ಊರು ಬಿಡಂಗಿಲ್ಲ" ಎಂದರು ಅಜ್ಜಿ.

"ಹಂಗಾದ್ರೆ ಇವತ್ತೇ ತೀರ್ಸು." ಚೆಲುವಿ ಚಪ್ಪಲಿ ಬಿಟ್ಟು ತಾನಾಗಿಯೇ ನನ್ನ ತಟ್ಟೆ ಹತ್ತಿ ಕುಳಿತಳು.

"ಐವತ್ತಾಗ್ಲಿ ಕಣವ್ವ."

"ಐವತ್ತು ಅಂತ ದೇವ್ರು ಕೇಳಿದ್ನಾ? ಬದುಕಿದ್ರೆ ಅಂದೆ ನೀನು. ಬದುಕಿವ್ನಿ, ನೋಡು."

ಅಜ್ಜಿ ಅವಳನ್ನು ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ ಎದುರು ತಟ್ಟೆಗೆ ಬೆಲ್ಲದ ಅಚ್ಚು ಪೇರಿಸತೊಡಗಿದರು. ನಾನು ಇನ್ನೇನು ಸಮಕ್ಕೆ ಬರಬೇಕು, ಚೆಲುವಿಯ ಕಡೆಯ ತಟ್ಟೆ ಮೆಲ್ಲಗೆ ಕುಸಿಯಿತು.

"ಅಜ್ಜೀ, ಹೆಬ್ಬೆಟ್ಟು ತಗಿ."

"ನಿಂಗೆ ಕಣ್ಣು ಮಂಜು ಅಂದ್ಕಂಡಿದ್ದೆ."

"ಹತ್ತು ವರ್ಷದಿಂದ ನೋಡ್ತಾ ಇವ್ನಿ."

ಹಮಾಲರು ಗೋಣಿಯೊಳಗೆ ಮುಖ ಹುದುಗಿಸಿ ನಕ್ಕರು. ಹೆಬ್ಬೆರಳು ಸರಿಯಿತು. ಮೂವತ್ತೆಂಟು ಕೆಜಿ. ಬೆಲ್ಲ ಅಂದು ಸಂಜೆಯೇ ದೇವಸ್ಥಾನಕ್ಕೆ ಹೋಯಿತು, ಚೆಲುವಿ ಸೋಮವಾರ ಮೈಸೂರಿಗೆ.

ಈಗ ಮಂಡಿಗೆ ಕರೆಂಟಿನ ಯಂತ್ರ ಬಂದಿದೆ. ಕೆಂಪು ಅಂಕಿ ಮಿನುಗಿಸಿ ಎಲ್ಲರ ತೂಕವನ್ನೂ ಅದು ಒದರುತ್ತದೆ. ನನಗೆ ಎಂದೂ ಯಾರ ತೂಕವೂ ಗೊತ್ತಿರಲಿಲ್ಲ. ಇವರಿಗೆ ಅವರು ಸಮವೋ ಅಲ್ಲವೋ, ಅಷ್ಟೇ ಗೊತ್ತು. ನನ್ನನ್ನು ಮೂಲೆಯ ತೊಲೆಗೆ ತೂಗುಹಾಕಿದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಸಣ್ಣತಾಯಮ್ಮ ಬಂದು ನನ್ನ ತಟ್ಟೆಯಲ್ಲಿ ಕುಳಿತು ಫೋನು ಮಾಡುತ್ತಾರೆ. "ಉಂಡ್ಯಾ? ಉಸ್ರು ಹೆಂಗದೆ?" ಅತ್ತ ಕಡೆಯಿಂದ ನಗು ಕೇಳಿಸುತ್ತದೆ. ಎದುರು ತಟ್ಟೆ ಖಾಲಿ. ಆಕೆ ಕೂತರೆ ಸಾಕು, ನಾನು ಸೀದಾ ನೆಲ ಮುಟ್ಟುತ್ತೇನೆ.