ಹದಿನೆಂಟೋ ಎಂಬತ್ತೊಂದೋ

ನಾನು ರಕ್ತದ ಕಣಗಳನ್ನು ಎಣಿಸುವ ಯಂತ್ರ. ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ಬಿಳಿ ಕೋಟು ತೊಟ್ಟವರು ನನ್ನನ್ನು ಜೋಡಿಸಿದರು. ನನ್ನ ಹೊಟ್ಟೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರವಿದೆ. ಒಂದು ಹನಿ ರಕ್ತ ಕೊಟ್ಟರೆ ಅದರ ಕಣಗಳನ್ನು ಅಲ್ಲಿ ಒಂದೊಂದಾಗಿ ಹಾಯಿಸಿ ಎಣಿಸುತ್ತೇನೆ. ನನಗೆ ಬರುವ ವಿದ್ಯೆ ಅದೊಂದೇ.

ಮೊದಲು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿದ್ದೆ. ಅಲ್ಲಿ ದಿನಕ್ಕೆ ಇನ್ನೂರು ಜನರ ರಕ್ತ. ಒಬ್ಬರ ಮುಖವೂ ನೆನಪಿಲ್ಲ. ಆರು ವರ್ಷದ ಮೇಲೆ ನನ್ನನ್ನು ರೋಣದ ಒಂದು ಸಣ್ಣ ಆಸ್ಪತ್ರೆಗೆ ಮಾರಿದರು. ಅಲ್ಲಿನ ಲ್ಯಾಬಿಗೆಲ್ಲ ಒಬ್ಬಳೇ ಟೆಕ್ನಿಷಿಯನ್, ನೀಲಗಂಗಾ ಹುಯಿಲಗೋಳ. ಎಲ್ಲರೂ ನೀಲಕ್ಕ ಎನ್ನುತ್ತಿದ್ದರು. ಬೆಳಿಗ್ಗೆ ಬಂದವಳೇ ನನ್ನ ಬೆನ್ನಿನ ಧೂಳು ಒರೆಸಿ, "ಏಳಪಾ, ಮಂದಿ ಬಂದಾರ" ಎಂದು ಗುಂಡಿ ಒತ್ತುತ್ತಿದ್ದಳು. ನಾನು ಎಣಿಸಿದ್ದು ತಂತಿಯ ಮೂಲಕ ಅವಳ ಕಂಪ್ಯೂಟರಿಗೂ ಡಾಕ್ಟರ್ ಸಂಕನೂರರ ಕಂಪ್ಯೂಟರಿಗೂ ಹೋಗುತ್ತಿತ್ತು. ಏಳು ವರ್ಷ ಹಾಗೇ ಕಳೆಯಿತು.

ಆಸ್ಪತ್ರೆಯ ತಂತಿಗಳೆಲ್ಲ ಬಂದು ಕೂಡುವ ಒಂದು ಪೆಟ್ಟಿಗೆಯಿತ್ತು. ಅದಕ್ಕೆ ಸ್ವಿಚ್ ಎನ್ನುತ್ತಾರೆ. ಒಂದು ಶ್ರಾವಣದಲ್ಲಿ ಅದು ಸುಟ್ಟುಹೋಗಿ ಹೊಸದು ಬಂತು. ನನ್ನ ತಂತಿಯನ್ನು ಸಿಕ್ಕಿಸಿದಾಗ ಹಸಿರು ದೀಪ ಹೊತ್ತಿಕೊಂಡಿತು. ಎಲ್ಲ ಸರಿಯಾಯಿತು ಅಂದುಕೊಂಡೆ.

ಸರಿಯಾಗಲಿಲ್ಲ. "ಇದ್ದೀಯಾ?" ಎಂದು ಕಂಪ್ಯೂಟರ್ ಕೇಳಿದರೆ "ಇದ್ದೇನೆ" ಎಂಬ ನನ್ನ ಉತ್ತರ ಮುಟ್ಟುತ್ತಿತ್ತು. ರೋಗಿಯ ಹೆಸರೂ ಮುಟ್ಟುತ್ತಿತ್ತು. ಅಂಕಿಗಳ ಉದ್ದನೆಯ ಪಟ್ಟಿ ಕಳಿಸಿದರೆ ಮಾತ್ರ ನಡುವೆ ಎಲ್ಲೋ ಹರಿದುಹೋಗುತ್ತಿತ್ತು. ಮತ್ತೆ ಕಳಿಸುತ್ತಿದ್ದೆ. ಮತ್ತೆ ಅರ್ಧವೇ. ನಾನು ಹೇಳುತ್ತಿರುವುದೇ ತಪ್ಪೋ, ಕೇಳುವವರ ಕಿವಿ ಕೆಟ್ಟಿದೆಯೋ ತಿಳಿಯಲಿಲ್ಲ.

ಸ್ವಿಚ್ ತಂದವನು, "ಇದು ಹೊಚ್ಚ ಹೊಸಾದೈತ್ರಿ, ನಿಮ್ಮ ಯಂತ್ರಾನ ಕೆಟ್ಟೈತಿ" ಎಂದ. ನನ್ನನ್ನು ರಿಪೇರಿ ಮಾಡುವವನು ಫೋನಿನಲ್ಲಿ, "ಎಣಿಸಾಕತ್ತೈತಲ್ರಿ? ಹಂಗಾರ ಸ್ವಿಚ್ಚಿಂದ ತಪ್ಪು" ಎಂದ. ಇಬ್ಬರ ನಡುವೆ ನೀಲಕ್ಕ ನನ್ನ ತೆರೆ ನೋಡಿ ಅಂಕಿಗಳನ್ನು ರಿಜಿಸ್ಟರಿನಲ್ಲಿ ಬರೆದು, ಅದನ್ನೇ ಚೀಟಿಗಿಳಿಸಿ ಡಾಕ್ಟರಿಗೆ ಕಳಿಸತೊಡಗಿದಳು.

ಅದು ಡೆಂಗಿ ಕಾಲ. ಬಾಗಿಲಾಚೆ ಜ್ವರದ ಮಂದಿ ಸಾಲುಗಟ್ಟಿದ್ದರು. ಅಂಗನವಾಡಿ ಸಹಾಯಕಿ ಫಕ್ಕೀರವ್ವನ ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಕಣಗಳನ್ನು ಎಣಿಸಿದೆ. ಅವು ಕಡಿಮೆಯಾದರೆ ರಕ್ತ ಸೋರಿದ್ದು ನಿಲ್ಲುವುದಿಲ್ಲ. ಒಂದೂವರೆ ಲಕ್ಷವಾದರೂ ಇರಬೇಕಾದವು ಬರೇ ಹದಿನೆಂಟು ಸಾವಿರ ಇದ್ದವು. ತೆರೆಯ ಮೇಲೆ ಸಾವಿರದ ಲೆಕ್ಕದಲ್ಲಿ 18 ಎಂದೇ ತೋರಿಸಿದೆ. ನೀಲಕ್ಕ ಅದನ್ನು ನೋಡಿದಳು, ಬಾಗಿಲಲ್ಲಿ ಯಾರೋ ಕೂಗಿದರು, ಅವಳು ಬರೆದಳು.

ಮಧ್ಯಾಹ್ನ ಜನ ಕರಗಿದ ಮೇಲೆ ಆಕೆ ರಿಜಿಸ್ಟರ್ ಇಟ್ಟುಕೊಂಡು ನನ್ನ ನೆನಪಿನಲ್ಲಿದ್ದುದನ್ನೆಲ್ಲ ಒಂದೊಂದೇ ತಾಳೆ ನೋಡತೊಡಗಿದಳು. ಒಂದು ಕಡೆ ಬೆರಳು ನಿಂತಿತು. "ಹದಿನೆಂಟೋ ಎಂಬತ್ತೊಂದೋ?" ಎಂದು ನನ್ನನ್ನೇ ಕೇಳಿದಳು. ರಿಜಿಸ್ಟರಿನಲ್ಲಿ 81 ಎಂದಿತ್ತು. ಚಪ್ಪಲಿ ಮೆಟ್ಟದೆ ಓಡಿದಳು.

ಚೀಟಿ ನೋಡಿದ ಡಾಕ್ಟರು, ಜ್ವರ ಇಳಿದಿದೆ, ಎರಡು ದಿನ ಬಿಟ್ಟು ಬಾ ಎಂದು ಫಕ್ಕೀರವ್ವನನ್ನು ಮನೆಗೆ ಕಳಿಸಿಬಿಟ್ಟಿದ್ದರು. ಬಸ್ ಹತ್ತಿ ಕೂತಿದ್ದವಳನ್ನು ನೀಲಕ್ಕ ಕೈ ಹಿಡಿದು ಕರೆತಂದಳು. ಮತ್ತೆ ಎಣಿಸಿದೆ. ಹದಿನಾರು. ಫಕ್ಕೀರವ್ವನ ವಸಡಿನಿಂದ ರಕ್ತ ಜಿನುಗುತ್ತಿತ್ತು. "ನಂಗೇನಾಗೇತ್ರಿ ಅಕ್ಕಾರ? ಬೆಳಿಗ್ಗೆ ಆರಾಮ ಅಂದ್ರಲ್ಲ?" ಎಂದು ಅವಳು ಕೇಳುತ್ತಲೇ ಇದ್ದಳು. ಅವಳನ್ನು ಆಂಬುಲೆನ್ಸಿನಲ್ಲಿ ಗದಗಿಗೆ ಒಯ್ದರು.

"ಈ ಹಳೇ ಡಬ್ಬಿ ತಗದು ಹಾಕ್ರಿ" ಎಂದರು ಡಾಕ್ಟರು. ನಾನು ಹದಿನೆಂಟು ಎಂದೇ ಹೇಳಿದ್ದೆನಲ್ಲ! ಯಾರಿಗೆ ಹೇಳಲಿ?

ನೀಲಕ್ಕ ತಾನೇ ಫೋನ್ ಮಾಡಿ ದಾವಲಸಾಬನನ್ನು ಕರೆಸಿದಳು. ಊರಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ, ತಲೆ ನರೆತ ಮನುಷ್ಯ. ತಂತಿ ಬದಲಿಸಿದ, ಬೇರೆ ತೂತಿಗೆ ಸಿಕ್ಕಿಸಿದ. ಅವನಿಗೂ ಬಗೆಹರಿಯಲಿಲ್ಲ. ಚಹಾ ಎರಡು ಸಲ ಆರಿತು. ಕೊನೆಗೆ ಯಾರೂ ತೆರೆಯದ ನನ್ನ ಒಳಪುಟವೊಂದನ್ನು ತೆರೆದು ಓದಿದ.

"ನೋಡ್ರಿ ನೀಲಕ್ಕಾರ, ಇದನ್ನ ಇಲ್ಲಿ ಕೂಡಿಸಿದಾವರು ಇದಕ್ಕ ಒಂದು ಕಟ್ಟು ಹಾಕ್ಯಾರ. ಮಾತಾಡೂದು, ಕೇಳೂದು ಎರಡೂ ಒಮ್ಮೆಲೇ ಮಾಡು, ಹೆಂಗ ಮಾತಾಡೂದಂತ ಯಾರನ್ನೂ ಕೇಳಬ್ಯಾಡ, ಕೇಳಿದ್ರ ಹೇಳಬ್ಯಾಡ ಅಂತ. ಹಳೇ ಸ್ವಿಚ್ಚಿಗೂ ಹಂಗ ಹೇಳಿಟ್ಟಿದ್ರು, ನಡೀತು. ಹೊಸಾದು 'ನಾವು ಹೆಂಗ ಮಾತಾಡೂಣು?' ಅಂತ ಮದ್ಲ ಕೇಳ್ತೈತಿ. ಇದು ಉತ್ತರಾನ ಕೊಡಂಗಿಲ್ಲ. ಅದಕ್ಕ ಅದು, ಒಬ್ಬರು ಮಾತಾಡಿದ್ರ ಇನ್ನೊಬ್ಬರು ಸುಮ್ನಿರಬೇಕು ಅಂತ ತಿಳಕೊಂಡೈತಿ. ಸಣ್ಣ ಮಾತು ನುಸುಳ್ತಾವ. ಉದ್ದ ಮಾತು ಡಿಕ್ಕಿ ಹೊಡೀತಾವ."

"ಹಂಗಾರ ತಪ್ಪು ಯಾರದು?"

"ಯಾರದೂ ಅಲ್ಲ ಬಿಡ್ರಿ. ಇಬ್ಬರೂ ಹೇಳಿದಂಗ ಕೇಳ್ಯಾರ."

"ಎಂಬತ್ತೊಂದು ಅಂತ ಬರದದ್ದು ನನ್ನ ಕೈ, ದಾವಲಣ್ಣ" ಎಂದಳು ನೀಲಕ್ಕ. ಅವನು ನನ್ನ ಕಟ್ಟು ಬಿಚ್ಚಿದ. ಹೊಸ ಪೆಟ್ಟಿಗೆ ಕೇಳಿತು. ಮೊದಲ ಸಲ ನಾನು ಅದಕ್ಕೆ ಉತ್ತರ ಕೊಟ್ಟೆ. ಪಟ್ಟಿ ಇಡಿಯಾಗಿ ಹೋಯಿತು.

ಮೂರು ವಾರದ ಮೇಲೆ ಫಕ್ಕೀರವ್ವ ಬಂದು ತೋಳು ಚಾಚಿದಳು. ಎರಡು ಲಕ್ಷದ ಹತ್ತು ಸಾವಿರ. ಅಂಕಿ ತಾನಾಗಿಯೇ ಡಾಕ್ಟರಿಗೆ ಮುಟ್ಟಿತ್ತು. ಆದರೂ ನೀಲಕ್ಕ ಅದನ್ನು ಗಟ್ಟಿಯಾಗಿ ಎರಡು ಸಲ ಓದಿ, ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು.

ರೋಣಕ್ಕೆ ಹೊಸ ಯಂತ್ರ ಬಂದ ಮೇಲೆ ನನ್ನನ್ನು ಕೊಟ್ಟುಬಿಟ್ಟರು. ಈಗ ನಾನು ಗದಗಿನ ಲ್ಯಾಬ್ ತರಬೇತಿ ಕಾಲೇಜೊಂದರ ಮೂಲೆಯ ಮೇಜಿನ ಮೇಲಿದ್ದೇನೆ. ತಂತಿಯಿಲ್ಲ, ಕರೆಂಟಿಲ್ಲ. ಹೊಸ ಹುಡುಗಿಯರು ಬಂದಾಗ ಮೇಷ್ಟ್ರು ನನ್ನ ಮುಚ್ಚಳ ತೆಗೆದು, "ಈ ಯಂತ್ರ ಒಮ್ಮೆ ಹದಿನೆಂಟಕ್ಕ ಎಂಬತ್ತೊಂದು ಅಂತ ತೋರಿಸಿ ಒಬ್ಬಾಕಿ ಜೀವ ತಗೀತಿತ್ತಂತ" ಎನ್ನುತ್ತಾರೆ. ಆ ಮಾತು ನಡುವೆ ಎಲ್ಲಿ ತಿರುಚಿಕೊಂಡಿತೋ ನನಗೆ ಇವತ್ತಿಗೂ ತಿಳಿದಿಲ್ಲ. ಹಾಗಲ್ಲ ಎಂದು ಹೇಳಲು ಮೊದಮೊದಲು ಬಹಳ ಚಡಪಡಿಸಿದೆ. ಆದರೆ ಅದನ್ನು ಕೇಳಿದ ಹುಡುಗಿಯರು ತಾವು ಬರೆದುಕೊಂಡ ಅಂಕಿಗಳ ಮೇಲೆ ಇನ್ನೊಮ್ಮೆ ಬೆರಳಿಟ್ಟು ನೋಡುತ್ತಾರೆ. ಇರಲಿ. ಆ ತಪ್ಪು ನನ್ನ ಹೆಸರಿನಲ್ಲೇ ಇರಲಿ.