ಕೆಮ್ಮಿದವನಿಗೆ ಊರ ಬಸ್ಸು

ಬೆಳಗಿನ ಹೊತ್ತು ಸಂಕಪ್ಪನ ಹೋಟೆಲಿನಲ್ಲಿ ಕುರ್ಚಿ ಸಿಗುವುದು ಕಷ್ಟ. ಸ್ವಾರಗೇಟ್ ನಿಲ್ದಾಣದಲ್ಲಿ ಬಸ್ಸಿಳಿದವರು ಮಸಾಲೆ ದೋಸೆ ತಿಂದೇ ಮುಂದೆ ಹೋಗುತ್ತಿದ್ದರು. ೨೦೦೪ರ ಅಕ್ಟೋಬರಿನ ಒಂದು ದಿನ, ಹಿಟ್ಟು ಹೊಯ್ಯುತ್ತಿದ್ದ ಬಾಳಕೃಷ್ಣ ಸೌಟು ಕೆಳಗಿಟ್ಟು ಹಿಂಬಾಗಿಲಿಗೆ ಓಡಿದ. ಬಹಳ ಹೊತ್ತು ಕೆಮ್ಮು ಕೇಳಿಸಿತು. ಮರಳಿ ಬಂದಾಗ ಹೆಗಲ ಮೇಲಿನ, ಬೆವರೊರೆಸುವ ಬೈರಾಸು ಅವನ ಮುಷ್ಟಿಯೊಳಗಿತ್ತು.

"ಕೈ ಬಿಡಿಸು" ಎಂದ, ಗಲ್ಲಾದಲ್ಲಿದ್ದ ಸಂಕಪ್ಪ.

ಬೈರಾಸಿನಲ್ಲಿ ರಕ್ತವಿತ್ತು.

ಅಂದೇ ಅವನನ್ನು ಪಾಲಿಕೆಯ ದವಾಖಾನೆಗೆ ಕಳಿಸಿದ. ಕಫ ಪರೀಕ್ಷೆಯಲ್ಲಿ ಕ್ಷಯ ಎಂದು ಗೊತ್ತಾದ ಸಂಜೆಯೇ ಮಂಗಳೂರಿನ ಬಸ್ಸಿಗೆ ಟಿಕೆಟ್ ಮಾಡಿಸಿದ. ಅದು ಆ ಹೋಟೆಲಿನ ಪದ್ಧತಿ. ಕಾಯಿಲೆ ಬಿದ್ದವನಿಗೆ ಸಂಬಳ ಚುಕ್ತಾ ಮಾಡಿ, ದಾರಿಗೆ ಬುತ್ತಿ ಕಟ್ಟಿಸಿ ಊರಿಗೆ ಕಳಿಸುವುದು. ಬೇರೆ ಮಾಲೀಕರು ಬೀದಿಗೆ ಬಿಡುತ್ತಾರೆ, ತಾನು ಮನೆಗೆ ಮುಟ್ಟಿಸುತ್ತೇನೆ ಎಂಬ ಸಮಾಧಾನ ಸಂಕಪ್ಪನಿಗಿತ್ತು. ತಟ್ಟೆ ತೊಳೆಯುವುದರಿಂದ ಶುರು ಮಾಡಿ ಧಣಿಯಾದವನು ಅವನು. ಪರವೂರಿನಲ್ಲಿ ಕಾಯಿಲೆ ಬೀಳುವುದೆಂದರೇನು ಎಂದು ಬಲ್ಲ.

ಊರಿಗೆ ಒಯ್ಯಲು ಮದ್ದು ಸಿಗಬಹುದೆಂದು ಮರುದಿನ ಬಾಳಕೃಷ್ಣನೊಂದಿಗೆ ತಾನೂ ದವಾಖಾನೆಗೆ ಹೋದ. ಅಲ್ಲಿನ ಡಾಕ್ಟರ್ ತ್ರಿವೇಣಿ ವಿಜಾಪುರದ ಕಡೆಯವರು. ಇಬ್ಬರ ಮಾತು ಕೇಳುತ್ತಲೇ ಮರಾಠಿ ಬಿಟ್ಟು ಕನ್ನಡಕ್ಕೆ ಹೊರಳಿದರು.

"ಊರಿನ ಗಾಳಿ, ಕುಚ್ಚಲಕ್ಕಿ ಗಂಜಿ ಸಿಕ್ಕಿದ್ರೆ ಸರಿ ಆಗ್ತಾನೆ ಡಾಕ್ಟ್ರೇ" ಎಂದ ಸಂಕಪ್ಪ.

"ಗಂಜಿ ಚಲೋನ ರೀ. ಆದ್ರ ಗಂಜಿಗೆ ಟಿಬಿ ಅಂಜೂದಿಲ್ಲ."

"ನಮ್ಮೂರಲ್ಲಿ ಆಸ್ಪತ್ರೆ ಇಲ್ಲ ಅಂತ ಮಾಡಿದ್ರಾ?"

"ಅದ ರೀ. ಇದೇ ಗುಳಿಗಿ ಅಲ್ಲೂ ಪುಕ್ಕಟೆ ಸಿಗತಾವ, ನಾನೇ ಬರದು ಕೊಡ್ತೀನಿ. ಆದ್ರ ಒಂದು ದಿನ ಬಿಟ್ಟು ಒಂದು ದಿನ, ಇನ್ನೊಬ್ಬರ ಕಣ್ಣೆದುರು ನುಂಗಬೇಕು. ಆರು ತಿಂಗಳು. ಇವರು ಅಲ್ಲಿ ಹೋಗಿ ನುಂಗ್ತಾರೇನು, ಕೇಳ್ರಿ."

ಬಾಳಕೃಷ್ಣ ನೆಲ ನೋಡುತ್ತ ನಿಂತಿದ್ದ. "ಆಗುದಿಲ್ಲ ಧಣಿ. ತಂಗಿಗೆ ಗಂಡು ನೋಡ್ತಾ ಇದ್ದಾರೆ. ಆ ಆಸ್ಪತ್ರೆಗೆ ನಾನು ಎರಡು ಸಲ ಹೋದ್ರೆ ಇಡೀ ಊರಿಗೆ ಗೊತ್ತಾಗ್ತದೆ. ರಜೆಯಲ್ಲಿ ಬಂದೆ ಅಂತ ಸುಮ್ಮನೆ ಮನೆಯಲ್ಲಿ ಕೂತ್ಕೊಳ್ಳುದಷ್ಟೆ."

"ಕೂತು?" ಎಂದರು ತ್ರಿವೇಣಿ.



ಸಂಕಪ್ಪ ದನಿ ತಗ್ಗಿಸಿದ. "ನನ್ನದು ಹೋಟೆಲು ಡಾಕ್ಟ್ರೇ. ದೋಸೆ ಹೊಯ್ಯುವವನಿಗೆ ಟಿಬಿ ಅಂತ ಒಬ್ಬ ಗಿರಾಕಿಗೆ ತಿಳಿದ್ರೆ ಸಾಕು, ಬಾಗಿಲು ಹಾಕ್ಬೇಕು. ಮೇಲಿನ ಕೋಣೆಯಲ್ಲಿ ಎಂಟು ಹತ್ತು ಜನ ಮಲಗ್ತಾರೆ. ಅವರ ಮನೆಯವರಿಗೆ ನಾನು ಎಂತ ಹೇಳುದು?"

"ನಿಮ್ಮ ಚಿಂತಿ ಖರೇ ಅದ" ಎಂದರು ವೈದ್ಯೆ. ರೋಗ ಹರಡುವುದು ಕೆಮ್ಮಿನ ಗಾಳಿಯಿಂದ, ತಟ್ಟೆ ಲೋಟದಿಂದಲ್ಲ ಎಂದು ವಿವರಿಸಿದರು. ಮದ್ದು ಸರಿಯಾಗಿ ತೆಗೆದುಕೊಂಡರೆ ಕೆಲವು ವಾರಗಳಲ್ಲಿ ಹರಡುವ ಭಯ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಅಡುಗೆಮನೆ ಬೇಡ. ಕಿಟಕಿಯಿರುವ ಕೋಣೆಯಲ್ಲಿ ಬೇರೆ ಮಲಗಲಿ. ಜೊತೆಗಿದ್ದವರೂ ಬಂದು ತೋರಿಸಿಕೊಳ್ಳಲಿ. "ನಡುವ ಬಿಟ್ರ ಮಾತ್ರ ಭಾಳ ಕಷ್ಟ ರೀ. ಆಮ್ಯಾಲೆ ಈ ಗುಳಿಗಿಗೆ ರೋಗ ಬಗ್ಗಲಿಕ್ಕಿಲ್ಲ."

ಸಂಕಪ್ಪ ಬಾಳಕೃಷ್ಣನನ್ನು ಕರೆದುಕೊಂಡು ಹೋಟೆಲಿಗೆ ಮರಳಿದ.

ಮಧ್ಯಾಹ್ನ ಊಟ ಬಡಿಸುತ್ತ ಹೆಂಡತಿ ಅಕ್ಕು ಕೇಳಿದಳು: "ಬಾಳಣ್ಣನಿಗೆ ಬುತ್ತಿ ಕಟ್ಟಬೇಕಾ?"

"ಹೌದು. ಮೋಹನದಾಸನಿಗೂ ಕಟ್ಟಿರಲಿಲ್ವಾ?"

ಮೋಹನದಾಸ್ ಮೂರು ವರ್ಷದ ಹಿಂದೆ ಇದೇ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವನು. ಹೀಗೆಯೇ ಕೆಮ್ಮಿ, ಹೀಗೆಯೇ ಊರಿಗೆ ಹೋಗಿ, ಅಲ್ಲೇ ತೀರಿಕೊಂಡಿದ್ದ.

"ಕಡೆಗೆ ತನ್ನ ಮನೆಯಲ್ಲೇ ಹೋದ, ಅಷ್ಟಾದ್ರೂ ಆಯ್ತು" ಎಂದ ಸಂಕಪ್ಪ.

ಅಕ್ಕು ಸಾರಿನ ಸೌಟು ಪಾತ್ರೆಗೇ ಹಾಕಿದಳು. "ಅವನ ಹೆಂಡತಿ ಉಮಾವತಿ ಮೊನ್ನೆ ಊರಿನ ಮದುವೆಯಲ್ಲಿ ಸಿಕ್ಕಿದ್ಲು. ಧಣಿಗಳು ಕಳಿಸಿಕೊಟ್ಟದ್ದರಿಂದ ಬಾಯಿಗೆ ನೀರು ಬಿಡ್ಲಿಕ್ಕಾದ್ರೂ ಸಿಕ್ಕಿದ್ರು ಅಂತ ನನಗೆ ಕೈ ಮುಗಿದ್ಲು. ತಲೆ ಎತ್ತಲಿಕ್ಕೆ ಆಗಲಿಲ್ಲ ನನಗೆ."

"ಯಾಕೆ? ನಾವು ಎಂತ ಅನ್ಯಾಯ ಮಾಡಿದ್ದು?"

"ಅವನು ಕೆಮ್ಮುವಾಗಲೂ ಈ ದವಾಖಾನೆ ಇಲ್ಲೇ ಇತ್ತಲ್ಲ."

ಸಂಕಪ್ಪನ ಕೈ ಎಲೆಯ ಮೇಲೆಯೇ ನಿಂತಿತು. ಮಜ್ಜಿಗೆಗೆ ಕಾಯದೆ ಎದ್ದ. ಸಂಜೆ ಟಿಕೆಟ್ ಹಿಂದಿರುಗಿಸಿ, ತಾರಸಿಯ ಸಾಮಾನಿನ ಕೋಣೆ ಖಾಲಿ ಮಾಡಿಸಿ, ಬಾಳಕೃಷ್ಣನ ಹಾಸಿಗೆಯನ್ನು ಅಲ್ಲಿಗೆ ಹಾಕಿಸಿದ. ಮರುದಿನ ಕೆಲಸದವರನ್ನೆಲ್ಲ ದವಾಖಾನೆಗೆ ಕರೆದೊಯ್ದ. ಯಾರಿಗಾದರೂ ಕೆಮ್ಮು, ಜ್ವರ ಇದೆಯೇ ಎಂದು ತ್ರಿವೇಣಿ ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರೂ ಇಲ್ಲವೆಂದರು.

"ಬಾಳಕೃಷ್ಣನಿಗೆ ಗುಳಿಗೆ ಕೊಡುವವರು ಯಾರು ಬೇಕಾದ್ರೂ ಆಗಬಹುದಾ?" ಎಂದು ಹೊರಡುವಾಗ ಸಂಕಪ್ಪ ವಿಚಾರಿಸಿದ.

"ಜವಾಬ್ದಾರಿ ಇದ್ದವರು ಯಾರಾದ್ರೂ ನಡೀತದ."

"ಹಾಗಾದ್ರೆ ನಾನೇ ಕೊಡ್ತೇನೆ. ಹೇಗೆ ಅಂತ ಹೇಳಿಕೊಡಿ."

ಮೊದಲು ಒಳಗೆ, ಯಾರಿಗೂ ಕಾಣದಂತೆ ಕೊಡಬೇಕೆಂದಿದ್ದ. ಆಮೇಲೆ ಏನನ್ನಿಸಿತೋ, ಮಧ್ಯಾಹ್ನ ಗಿರಾಕಿಗಳು ಕರಗಿದ ಮೇಲೆ, ಕೆಲಸದವರೆಲ್ಲ ಊಟಕ್ಕೆ ಕೂತಾಗಲೇ, ಹೊರ ಜಗಲಿಯಲ್ಲಿ ಬಾಳಕೃಷ್ಣನನ್ನು ನಿಲ್ಲಿಸಿ ನುಂಗಿಸತೊಡಗಿದ. ಕೊನೆಯ ಗುಳಿಗೆ ಇಳಿಯುವವರೆಗೆ ಅಲ್ಲಾಡುತ್ತಿರಲಿಲ್ಲ.

"ಧಣಿ ಸಂಬಳ ಕೊಡುವಾಗಲೂ ಇಷ್ಟು ಹೊತ್ತು ಮುಖ ನೋಡುದಿಲ್ಲ" ಎಂದು ಯಾರೋ ನಗಾಡಿದರು. ಬಾಳಕೃಷ್ಣನೂ ನಕ್ಕ.

ಮೂರು ನಾಲ್ಕು ವಾರ ಕಳೆಯಿತು. ಸಂಜೆಯ ಜ್ವರ ಬಿಟ್ಟಿತ್ತು, ಬಾಳಕೃಷ್ಣ ಎರಡನೇ ಸಲ ಅನ್ನ ಕೇಳುತ್ತಿದ್ದ. ಒಂದು ಮಧ್ಯಾಹ್ನ ಅವನು ಗುಳಿಗೆ ನುಂಗಿ ಹೋದ ಮೇಲೆ, ಪಾತ್ರೆ ತೊಳೆಯುವ ಶಿವಪುತ್ರಪ್ಪ ಒದ್ದೆ ಕೈ ಒರೆಸಿಕೊಳ್ಳುತ್ತ ಗಲ್ಲಾದ ಮುಂದೆ ಬಂದು ನಿಂತ. ವಿಜಾಪುರ ಸೀಮೆಯ ಇಂಡಿ ಕಡೆಯವನು, ಮಾತು ಕಡಿಮೆ.

"ಏನು?"

"ಸಾವಕಾರ್ರ, ಅವತ್ತ ದವಾಖಾನ್ಯಾಗ ಸುಳ್ಳ ಹೇಳಿದ್ನಿರಿ. ನನಗೂ ಕೆಮ್ಮ ಅದ."

"ಯಾವಾಗಿಂದ?"

"ಗಣಪತಿ ಹಬ್ಬದ ಮೊದಲಿಂದ ರೀ. ಹೇಳಿದ್ರ ಊರಿಗಿ ಕಳಸ್ತೀರಿ ಅಂತ, ರಾತ್ರಿ ಬಾಯಾಗ ಅರಿಬಿ ತುರುಕೊಂಡು ಮಲಗ್ತಿದ್ನಿ."

ಎಷ್ಟು ಮಂದಿ ಹೀಗೆ ಬಟ್ಟೆ ಕಚ್ಚಿ ಮಲಗಿದ್ದರೋ. ಸಂಕಪ್ಪ ಅಕ್ಕುವನ್ನು ಕರೆದು ಗಲ್ಲಾದಲ್ಲಿ ಕೂರಿಸಿ ಕೆಳಗಿಳಿದ.

"ನಡಿ, ಚಪ್ಪಲಿ ಹಾಕು."

ಶಿವಪುತ್ರಪ್ಪ ಕದಲಲಿಲ್ಲ. "ಚೀಲಾ ತಗೊಂಡ ಬರ್ಲೇನ್ರಿ?"

"ಚೀಲ ಎಂತಕ್ಕೆ? ದವಾಖಾನೆಗೆ ಹೋಗುದು ಮಾರಾಯ. ರಾತ್ರಿ ಊಟಕ್ಕೆ ಇಲ್ಲಿಗೇ ಬರ್ಲಿಕ್ಕುಂಟು."