ಹೂಂಗುಟ್ಟುವವನು

“ಭುಜ ಎಷ್ಟು ಅಗಲ ಇದೆಯೋ ನಿಂದು!” ಎನ್ನುತ್ತ ಲಿಯಾನ್ ಎಂಬ ಸರ್ಕಾರಿ ಅಧಿಕಾರಿ ದೋಸುವಿನ ಬೆನ್ನ ಮೇಲೆ ಗೇಣು ಹಾಕಿ ಅಳೆದ. “ದರ್ಜಿಗೆ ಹೇಳ್ಬೇಕು. ಹಿತ್ತಾಳೆ ಗುಂಡಿ, ಕೆಂಪು ಪಟ್ಟಿ. ಮುಂದಿನ ಕಪಿತಾನ ನೀನೇ ತಾನೆ?”

ರಾಜಧಾನಿ ಪರಾಮರಿಬೊ ನಗರದ ದೊಡ್ಡ ಸಭಾಂಗಣದ ಹಿಂಬಾಗಿಲಲ್ಲಿ ಅವರಿಬ್ಬರೇ ನಿಂತಿದ್ದರು. ಒಳಗೆ ಕುರ್ಚಿ ಎಳೆಯುವ ಸದ್ದು.

“ಮಾವ ಇನ್ನೂ ಗಟ್ಟಿಯಾಗಿದ್ದಾರೆ,” ಎಂದ ದೋಸು.

“ಇರ್ಲಿ, ನೂರು ವರ್ಷ ಇರ್ಲಿ. ಸೋದರಳಿಯ ಅಂತ ನಿಮ್ಮೂರು ಒಪ್ಪುತ್ತೆ. ಆದ್ರೆ ಕಪಿತಾನನ ಅಂಗಿ ತೊಡ್ಸೋದು ಸರ್ಕಾರ, ಮರೀಬೇಡ. ಮುದುಕ್ರು ಇವತ್ತು ಸ್ವಾಗತ ಹೇಳ್ಲಿ, ಬಾಯ್ತುಂಬ ಹೇಳ್ಲಿ. ಕಾಡಿನ ಮಾತು ಎತ್ತಿದ್ರೆ ಮಾತ್ರ ನೀನು ಸುಮ್ನಿದ್ಬಿಡು. ನೀನು ಸುಮ್ನಿದ್ರೆ ಅವ್ರು ಮುಂದಕ್ಕೆ ಹೋಗಲ್ಲ. ನಂಗೆ ಗೊತ್ತಿಲ್ವಾ? ನಮ್ಮಜ್ಜೀನೂ ಹೊಳೆ ಕಡೆಯವ್ಳೇ.”

ನಮ್ಮ ಹೊಳೆಯ ಜನರಲ್ಲಿ ಸಭೆಯ ಮಾತು ಒಂಟಿಯಾಗಿ ನಿಲ್ಲುವುದಿಲ್ಲ. ಊರ ಯಜಮಾನನಾದ ಕಪಿತಾನ ಒಂದು ಮಾತು ಆಡಬೇಕು, ಪಕ್ಕದವನು ‘ಹೌದು, ಹಾಗೇ ಸೈ’ ಎನ್ನಬೇಕು, ಆಮೇಲೆಯೇ ಮುಂದಿನ ಮಾತು. ಹೂಂಗುಟ್ಟದ ಮಾತು ಆಡಿದಂತೆಯೇ ಅಲ್ಲ. ಅದು ಗಾಳಿಗೆ ಹೋಯಿತು. ಕಪಿತಾನ ಜಕಾಯಿಗೆ ಅವನ ತಂಗಿಯ ಮಗ ದೋಸು ಮೀಸೆ ಮೂಡಿದಂದಿನಿಂದ ಹೂಂಗುಟ್ಟುತ್ತ ಬಂದವನು. ಮಾವನ ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಬರೀ ಕೆಮ್ಮು ಬರುತ್ತದೆ, ಎಲ್ಲವೂ ಅವನಿಗೆ ಗೊತ್ತಿತ್ತು.

ಅಂದು ಸಮುದ್ರದಾಚೆಯ ಆಫ್ರಿಕದಿಂದ ಮಂತ್ರಿಗಳು ಬಂದಿದ್ದರು. ಆ ಖಂಡಕ್ಕೂ ಈ ಖಂಡಕ್ಕೂ ಇನ್ನು ಮುಂದೆ ಕಷ್ಟಸುಖದಲ್ಲಿ ಒಟ್ಟಿಗೆ ನಡೆಯುವ ಒಪ್ಪಂದ. ಅದರ ಮೊದಲ ಕೆಲಸವೆಂದರೆ ನಮ್ಮ ಹೊಳೆಯ ಮೇಲ್ಭಾಗದ ಕಾಡಿನ ಮರ ಕಡಿದು ಹಡಗಿಗೆ ಏರಿಸುವುದು. ಗುಲಾಮರಾಗಿ ಹಡಗಿನಲ್ಲಿ ಬಂದು, ಕೋಳ ಕಳಚಿಕೊಂಡು ಕಾಡಿಗೆ ಓಡಿಬಂದ ನಮ್ಮ ಮೊದಲಿನವರನ್ನು ಮಣ್ಣು ಮಾಡಿದ್ದು ಆ ಕಾಡಿನಲ್ಲೇ. ‘ಅದನ್ನು ಮುಟ್ಟಬೇಡಿ ಎಂದು ಅವರ ಮುಖಕ್ಕೇ ಹೇಳಿ ಬಾ’ ಎಂದು ಊರು ಜಕಾಯಿಯನ್ನು ಕಳಿಸಿತ್ತು. ಸಹಿ ಬಿದ್ದ ಮೇಲೆ ಹೇಳಿ ಫಲವಿರಲಿಲ್ಲ.

ಜಕಾಯಿ ವೇದಿಕೆಯ ಮೇಲೆ ತೂಗುಹಾಕಿದ್ದ ಬಟ್ಟೆಯತ್ತ ಕೋಲು ತೋರಿಸಿದ. “ಏನೋ ಬರ್ದಿದಾರೆ ಅಲ್ಲಿ?”

“ಎರಡು ಖಂಡ, ಒಂದೇ ಮನೆ ಅಂತ, ಮಾವ.”

“ಓಹೋ. ಜಗಲಿ ಯಾರ್ದು, ಅಡುಗೆಮನೆ ಯಾರ್ದು, ಅದನ್ನೂ ಬರೀಬೇಕಿತ್ತು.”

ತೀರಿಹೋದ ಹಿರಿಯರಿಗೆಂದು ನೆಲಕ್ಕೆ ರಮ್ ಎರೆಯಲು ಅವನು ಬಗ್ಗಿದಾಗ ಲಿಯಾನ್ ಓಡಿಬಂದು ರತ್ನಗಂಬಳಿ ಹಾಳಾಗದಂತೆ ಪ್ಲಾಸ್ಟಿಕ್ ಬೋಗುಣಿ ಇಟ್ಟ. ಜಕಾಯಿ ಬೋಗುಣಿಯನ್ನು ನೋಡಿದ, ಲಿಯಾನನನ್ನು ನೋಡಿದ. “ಅವ್ರು ಇದಕ್ಕಿಂತ ಕೆಟ್ಟ ಪಾತ್ರೇಲಿ ಕುಡ್ದೋರು, ಬಿಡಪ್ಪ,” ಎಂದು ಅದರೊಳಕ್ಕೇ ಎರೆದ. ಮುಂದಿನ ಸಾಲಿನವರು ಕಿವಿಗೆ ಅನುವಾದದ ಯಂತ್ರ ಸಿಕ್ಕಿಸಿಕೊಂಡು ನಕ್ಕರು.

“ನೀವು ಬಂದಿರಿ, ನಮ್ಮ ಕಣ್ಣು ತಂಪಾಯ್ತು,” ಎಂದು ಜಕಾಯಿ ಶುರು ಮಾಡಿದ.

“ಹೌದು, ಹಾಗೇ ಸೈ,” ಎಂದ ದೋಸು.

“ನಿಮ್ಮಜ್ಜಿ ನಮ್ಮಜ್ಜಿ ಒಂದೇ ಒಲೆ ಊದಿದೋರು.”

“ಹೌದು, ಹಾಗೇ ಸೈ.”

“ಒಬ್ಬಳನ್ನ ಹಡಗಿಗೆ ಹಾಕಿದ್ರು. ಒಬ್ಬಳು ದಡದಲ್ಲಿ ನಿಂತು ನೋಡಿದ್ಲು.”

“ಹೌದು, ಹಾಗೇ ಸೈ.” ದೋಸುವಿನ ದನಿ ಸಣ್ಣಗಾಗಿತ್ತು.

“ಹಡಗಿಗೆ ಹೋದೋಳು ಮೇಲಿನ ಕಾಡಲ್ಲಿ ಮಲಗಿದಾಳೆ.”

ದೋಸು ತನ್ನ ಚಪ್ಪಲಿ ನೋಡುತ್ತಿದ್ದ.

ಜಕಾಯಿ ಕಾದ. ಹುಡುಗನಿಗೆ ಕೇಳಿಸಲಿಲ್ಲವೇನೋ ಎಂಬಂತೆ ಅದೇ ಮಾತನ್ನು ಇನ್ನಷ್ಟು ನಿಧಾನವಾಗಿ ಆಡಿದ. ತಲೆ ತಿರುಗಿಸಿ ಅಳಿಯನ ಮುಖ ನೋಡಿದ, ಆಮೇಲೆ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ ಲಿಯಾನನ ಮುಖ. ಮುದುಕನ ದವಡೆ ಒಂದು ಸಲ ಅಲುಗಿತು. ಮೂರನೆಯ ಸಲ ಅದೇ ಮಾತು ಹೇಳಿದಾಗ ಅತಿಥಿಗಳ ಹಿಂದಿನ ಸಾಲಿನಲ್ಲಿದ್ದ ಬಿಳಿಗಡ್ಡದವನೊಬ್ಬ ಸರಕ್ಕನೆ ತಲೆಯೆತ್ತಿದ. ಅವರ ಕಡೆಯೂ ಇಂಥದೇ ಪದ್ಧತಿ ಇದ್ದಿರಬೇಕು. ಅವನ ತುಟಿ ತೆರೆಯಿತು. ಮುಂದೆ ಕುಳಿತಿದ್ದ ತನ್ನ ಮಂತ್ರಿಯ ಕತ್ತನ್ನು ನೋಡಿ ಮತ್ತೆ ತುಟಿ ಮುಚ್ಚಿಕೊಂಡ.

ಜಕಾಯಿ ಕೋಲೂರಿ ಕೂತುಬಿಟ್ಟ.

ಭಾಷಣ ಮುಗಿಯಿತೆಂದುಕೊಂಡು ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಂತ್ರಿಯೊಬ್ಬ ಕಣ್ಣೊರೆಸಿಕೊಳ್ಳುತ್ತ ಬಂದು ಮುದುಕನನ್ನು ತಬ್ಬಿಕೊಂಡ. ಊಟಕ್ಕೆ ಮುಂಚೆ ಸಹಿಯೂ ಆಯಿತು.

ಮರುದಿನ ಹೊಳೆಯಲ್ಲಿ ನೀರು ಇಳಿದಿತ್ತು. ದೋಸು ದೋಣಿ ನಡೆಸುತ್ತಿದ್ದ, ಜಕಾಯಿ ಮುಂದೆ ಕೂತು ಬಂಡೆ ತೋರಿಸುತ್ತಿದ್ದ. “ಎಡಕ್ಕೆ.” “ಬಲಕ್ಕೆ, ಬಲಕ್ಕೆ.” ಮಧ್ಯಾಹ್ನದವರೆಗೆ ಇಷ್ಟೇ ಮಾತು. ದೋಸುವಿಗೆ ತಡೆಯಲಾಗಲಿಲ್ಲ.

“ಮಾವ, ಬೈದ್ಬಿಡಿ ಒಂದ್ಸಲ.”

ಜಕಾಯಿ ತಿರುಗಲಿಲ್ಲ. “ಅಂಗಿ ಭುಜದ ಹತ್ರ ಸ್ವಲ್ಪ ಸಡಿಲ ಹೊಲ್ಸು,” ಎಂದ. “ನಂದು ಬಿಗಿ ಮಾಡ್ಬಿಟ್ರು. ಕೈ ಎತ್ತಕ್ಕಾಗಲ್ಲ.”

ಊರಿನ ದಡದಲ್ಲಿ ಹೆಂಗಸರು ಪಾತ್ರೆ ಬಿಟ್ಟು ನೀರಿಗಿಳಿದರು. ದೋಸುವಿನ ತಾಯಿ ಅಕುಂಬಾ ಎಲ್ಲರಿಗಿಂತ ಮುಂದೆ ಬಂದು ದೋಣಿಯ ಮೂತಿ ಹಿಡಿದಳು.

“ಅಣ್ಣ, ಹೇಳ್ದ್ಯಾ?”

“ಹೇಳ್ದೆ.”

“ಎಲ್ಲಾನೂ? ಮುಖಕ್ಕೇ?”

“ಮೂರು ಸಲ ಹೇಳ್ದೆ.”

“ಏನಂದ್ರು?”

“ಚಪ್ಪಾಳೆ ತಟ್ಟಿದ್ರು. ಎದ್ದು ನಿಂತು ತಟ್ಟಿದ್ರು.”

ಹೆಂಗಸರು ಕೂಗಿಕೊಂಡರು. ಯಾರೋ ಆಗಲೇ ಹಾಡು ಎತ್ತಿದರು. ಅಕುಂಬಾ ನೀರು ಚಿಮ್ಮಿಸಿ ನಕ್ಕಳು. “ನನ್ನ ಮಗ ಹೂಂಗುಟ್ಟಿದ್ನಾ ಚೆನ್ನಾಗಿ? ಪಟ್ಣದೋರ ಮುಂದೆ ತೊದಲಲಿಲ್ಲ ತಾನೆ?”

ಜಕಾಯಿ ಅವಳ ಭುಜ ಹಿಡಿದು ದೋಣಿಯಿಂದಿಳಿದ. “ತೊದಲಲಿಲ್ಲ,” ಎಂದ.

ಹಾಡು ದಿಬ್ಬ ಹತ್ತಿ ಊರೊಳಗೆ ಹೋಯಿತು. ದೋಸು ಮಾತ್ರ ಇಳಿಯಲಿಲ್ಲ. ಸೋರೆಬುರುಡೆ ಕೈಗೆತ್ತಿಕೊಂಡು, ಒಣಗಿದ್ದ ದೋಣಿಯ ತಳವನ್ನು ಕೆರೆದು ಕೆರೆದು, ಇಲ್ಲದ ನೀರನ್ನು ಹೊಳೆಗೆ ಚೆಲ್ಲುತ್ತಿದ್ದ.